ಕುಕ್ಕರ್ ಪರೀಕ್ಷೆ

ಕುಕ್ಕರಿನ ಮುಚ್ಚಳ ತೆಗೆದಾಗ ಮೇದಿನಿಯ ಕನ್ನಡಕ ಮಬ್ಬಾಯಿತು. ಉಪ್ಪುನೀರಿನಲ್ಲಿ ಬೆಂದ ಉಕ್ಕಿನ ತಗಡಿನ ತುಂಡನ್ನು ಇಕ್ಕಳದಿಂದ ಎತ್ತಿ, ಬ್ಲೇಡಿನಿಂದ ಗೀರಿದ್ದ ಗೆರೆಯ ಮೇಲೆ ಟೇಪು ಒತ್ತಿ ಎಳೆದಳು. ತಗಡಿಗೆ ಹೊದಿಸಿದ್ದ ಪ್ಲಾಸ್ಟಿಕ್ ಪೊರೆ ಹಾಲಿನ ಕೆನೆಯಂತೆ ಎದ್ದು ಬಂತು. ಐದನೆಯ ತುಂಡೂ ಹಾಗೆಯೇ.

ಪರರಾಜ್ಯದ ಮಕರಪುರದಲ್ಲಿರುವ ಈ ಕಾರ್ಖಾನೆಯಲ್ಲಿ ಡಬ್ಬಿಯ ತಗಡಿಗೆ ಪೊರೆ ಅಂಟಿಸುತ್ತಾರೆ. ಪೊರೆ ಗಟ್ಟಿಯಾಗಿ ಹಿಡಿಯಲು ತಗಡು ಇನ್ನೂರ ನಲವತ್ತು ಡಿಗ್ರಿ ಕಾದಿರಬೇಕು. ಅಷ್ಟು ಕಾದರೆ ಪೊರೆ ರೋಲರಿಗೂ ಮೆತ್ತಿಕೊಳ್ಳುತ್ತದೆ, ಒರೆಸಲು ಲೈನ್ ನಿಲ್ಲಿಸಬೇಕು. ೨೦೦೩ರ ಏಪ್ರಿಲ್, ಮಾವಿನ ರಸದ ಡಬ್ಬಿಗಳಿಗೆ ಹಂಗಾಮಿನ ಆರ್ಡರು. ಪ್ರೊಡಕ್ಷನ್ ಮ್ಯಾನೇಜರ್ ಜನಾರ್ದನ ಸೋಮವಾರದಿಂದ ಶಾಖವನ್ನು ಇನ್ನೂರ ಹದಿನೈದಕ್ಕೆ ಇಳಿಸಿದ್ದ. ಆಮೇಲೆ ಲೈನ್ ಒಮ್ಮೆಯೂ ನಿಂತಿರಲಿಲ್ಲ.

ಅವನೇ ಲ್ಯಾಬಿಗೆ ಬಂದ. ಗದಗಿನವನು. ನಮ್ಮ ಕಡೆಯ ಹುಡುಗಿ ಎಂದು ಅವಳನ್ನು ಕೆಲಸಕ್ಕೆ ಸೇರಿಸಿದವನೂ ಅವನೇ.

"ಒಣಾ ಟೆಸ್ಟ್ ಪಾಸ್ ಆಗೇದಿಲ್ಲೋ?"

"ಆಗೇದ್ರಿ ಸರ. ಕುದಿಸಿದ್ರ ಕಿತ್ತು ಬರತದ."

"ಗಿರಾಕಿ ಏನ್ ಡಬ್ಬಿ ಕುದಿಸಿ ತಿಂತಾನೇನವಾ?"

"ರಸ ತುಂಬಿ, ಮುಚ್ಚಿ ಕುದಸ್ತಾರ್ರಿ. ಪೊರಿ ರಸದಾಗ ಬೀಳತದ."

ಅವನು ರಿಪೋರ್ಟನ್ನು ಅವಳತ್ತ ಸರಿಸಿದ. ಕೆಳಗೆ ಇನ್ನೊಂದು ಹಾಳೆಯಿತ್ತು: ಅವಳ ಕೆಲಸ ಕಾಯಂ ಮಾಡುವ ಪತ್ರ. ಅವನ ಸಹಿ ಇನ್ನೂ ಬಿದ್ದಿರಲಿಲ್ಲ.

"ನೀ ಪಾಸ್ ಅಂತ ಬರೀಲಿಲ್ಲಂದ್ರ ನಾಳೆ ನಿನ್ನ ಜಾಗಾಕ್ಕ ಇನ್ನೊಬ್ರು ಬರ್ತಾರ. ಅವ್ರಿಗೆ ಕುಕ್ಕರ್ ಇಡಾಕೂ ಬರಂಗಿಲ್ಲ."

ಮೇದಿನಿ ಪೆನ್ನು ತೆಗೆದುಕೊಂಡಳು. "ಶಾಖಾ ಎಷ್ಟಂತ ಬರೀಲಿ?"

"ಮಷಿನ್ ಮ್ಯಾಲೆ ಚೀಟಿ ಹಚ್ಚೇದಲ್ಲ, ಅದನ್ನ ಬರಿ. ಎಲ್ಲಾರೂ ಅದನ್ನ ಬರೀತಾರ."

ಚೀಟಿಯಲ್ಲಿ ಇನ್ನೂರ ನಲವತ್ತು ಎಂದಿತ್ತು. ಬರೆದಳು. ಕುದಿಸುವ ಪರೀಕ್ಷೆಯ ಎದುರು ಪಾಸ್ ಎಂದೂ ಬರೆದು ಸಹಿ ಮಾಡಿದಳು. ಅವನೂ ಕಾಯಂ ಪತ್ರಕ್ಕೆ ತನ್ನ ಸಹಿ ಮಾಡಿದ.

"ಆ ಕುಕ್ಕರ್ ಮನಿಗೆ ಒಯ್ಯಿ. ಇಲ್ಲಿ ಇನ್ನ ಅದರ ಕೆಲಸಿಲ್ಲ."

ಸಂಜೆ ಬಾಡಿಗೆ ಮನೆಯಲ್ಲಿ ಅದನ್ನು ಎರಡು ಸಲ ತಿಕ್ಕಿ ತೊಳೆದು ಅನ್ನಕ್ಕಿಟ್ಟಳು. ಜೊತೆಗಿರುವ ಮೈಸೂರಿನ ತಾರಾ ತಟ್ಟೆ ಹಿಡಿದು ಕೂತಳು.

"ಕೆಲಸ ಪರ್ಮನೆಂಟ್ ಆದ್ರೂ ಅದೇ ಅನ್ನ ಸಾರು. ಜಿಪುಣಿ ಕಣೇ ನೀನು."

ಮೇದಿನಿ ಮುಚ್ಚಳ ತೆಗೆದಳು. ರಬ್ಬರಿನ ಸಂದಿಯಿಂದ ಜಾರಿದ್ದಿರಬೇಕು, ಬಿಳಿ ಅನ್ನದ ಮೇಲೆ ಉಗುರಿನಷ್ಟು ಪೊರೆ ಸುರುಳಿಯಾಗಿ ಬಿದ್ದಿತ್ತು. ತಾರಾ ಉಪ್ಪಿನಕಾಯಿಯ ಬಾಟಲಿಯೊಂದಿಗೆ ಗುದ್ದಾಡುತ್ತಿದ್ದಳು.

ಮೇದಿನಿ ಅದನ್ನು ಅನ್ನದ ಸಮೇತ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು. ತಾರಾಗೆ ಇನ್ನೊಂದು ಬದಿಯಿಂದ ಬಡಿಸಿದಳು.