ಲೆಕ್ಕಕ್ಕೆ ಬಾರದ ಪಾಲು

ಸೂಲಿಬೆಲೆಯ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಪ್ರಮೋದಾ ಶನಿವಾರ ಬೆಳಗಿನ ತರಗತಿಯಲ್ಲಿ ಅವಕಾಶ ವೆಚ್ಚದ ಪಾಠ ಮಾಡಿದಳು. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟು ಹೋಗುವ ಇನ್ನೊಂದೇ ಅದರ ನಿಜವಾದ ಬೆಲೆ ಎಂದಳು. ಕೊನೆಯ ಬೆಂಚಿನ ಹುಡುಗ ಗುರು ಎದ್ದು, "ಹಂಗಾದ್ರೆ ಮಿಸ್, ಈ ಕ್ಲಾಸಿಗೆ ನಾನು ಕೊಟ್ಟ ಬೆಲೆ ಬೆಳಿಗ್ಗೆ ಸಿಗೋ ಹೊಸಕೋಟೆ ದಮ್ ಬಿರಿಯಾನಿ" ಅಂದ. ತರಗತಿ ಗೊಳ್ಳೆಂದಿತು. ಉದಾಹರಣೆ ಸರಿಯಾಗಿಯೇ ಇತ್ತು, ಅವಳೂ ನಕ್ಕಳು.

ಮಧ್ಯಾಹ್ನ ಅದೇ ಪಾಠವನ್ನು ನಂದಗುಡಿ ಹತ್ತಿರದ ತನ್ನ ತವರೂರಿನ ಹೆಂಗಸರಿಗೆ ಹೇಳಬೇಕಿತ್ತು. ಮಹಿಳಾ ಸಂಘದವರು ಕೇಳಿಕೊಂಡಿದ್ದರಿಂದ ತಿಂಗಳಿಗೊಮ್ಮೆ ಹಾಲಿನ ಡೈರಿಯ ಕೋಣೆಯಲ್ಲಿ ಉಳಿತಾಯ, ಬಡ್ಡಿ, ವಿಮೆ ಎಂದು ಹೇಳಿಕೊಡುತ್ತಿದ್ದಳು. ಅರ್ಥವಾದರೂ ಆಗದಿದ್ದರೂ ತಲೆಯಾಡಿಸುತ್ತ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು ಅವಳ ತಾಯಿ ವರಲಕ್ಷ್ಮಮ್ಮ.

ಆ ದಿನ ಪ್ರಮೋದಾಳ ಮನಸ್ಸು ಪಾಠದಲ್ಲಿರಲಿಲ್ಲ. ತಮ್ಮ ಮಂಜೇಶ ತೀರಿಕೊಂಡ ತಂದೆಯ ರಸ್ತೆ ಬದಿಯ ಜಮೀನು ಮಾರುವವನಿದ್ದ. ಸೋಮವಾರ ಅವಳು ಹೊಸಕೋಟೆಯ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ತನ್ನ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಬೇಕಿತ್ತು. ಆ ಕಡೆಯ ಹೆಣ್ಣುಮಕ್ಕಳು ಹಾಗೇ ಹಾಕಿಕೊಡುತ್ತ ಬಂದವರು; ಅಣ್ಣತಮ್ಮಂದಿರು ಅರಿಶಿನ ಕುಂಕುಮಕ್ಕೆಂದು ಒಂದು ರೇಷ್ಮೆ ಸೀರೆ ಕೊಡುತ್ತಾರೆ. ಫೋನಿನಲ್ಲಿ ಹ್ಞೂಂ ಅಂದಿದ್ದಳು. ಅಂದಾಗಿನಿಂದ ನೆಟ್ಟಗೆ ನಿದ್ದೆ ಬಂದಿರಲಿಲ್ಲ.

ಹಸು ಕೊಳ್ಳುವುದೋ, ಅದೇ ದುಡ್ಡನ್ನು ಚೀಟಿಗೆ ಹಾಕುವುದೋ ಎಂದು ಅವಳು ಉದಾಹರಣೆ ಶುರು ಮಾಡುವಷ್ಟರಲ್ಲಿ ಹಿಂದಿನಿಂದ ಅನುಸೂಯಮ್ಮ ಕೇಳಿದಳು:

"ಅಲ್ಲ ಕಣಮ್ಮ ಪ್ರಮೋದಾ, ನಮ್ಮಣ್ಣಂಗೆ ನಾನು ಸೈನ್ ಹಾಕ್ಕೊಟ್ನಲ್ಲ, ಅದುಕ್ಕೇನು ಬೆಲೆ?"

"ಸೀರೆ ಬಂತಲ್ಲಕ್ಕ, ಇನ್ನೇನ್ ಬೇಕಿತ್ತು!" ಪಕ್ಕದಲ್ಲಿದ್ದ ಸಪ್ಪಲಮ್ಮ ರೇಗಿಸಿದಳು.

"ಅದ್ನ ಉಡೋಕೆ ಅವ್ನ ಮನೇಲಿ ಒಂದು ಕಾರ್ಯಕ್ಕೂ ಕರೀಲಿಲ್ಲ ಬಿಡು. ಇವ್ಳೂ ಸೋಮವಾರ ಹಾಕ್ತಾಳಂತೆ. ಏನಮ್ಮ, ಹೌದಾ?"

ಎಲ್ಲರೂ ಪ್ರಮೋದಾಳ ಮುಖ ನೋಡಿದರು.

"ಹಾಕ್ದೆ ಇನ್ನೇನು," ಅಂದಳು ವರಲಕ್ಷ್ಮಮ್ಮ. "ಅವ್ಳಿಗೆ ಸಂಬಳ ಬರುತ್ತೆ. ನಾನೂ ಹೆಬ್ಬೆಟ್ಟು ಒತ್ಬಿಟ್ಟು ಬರ್ತೀನಿ. ಅವ್ಳಿಗೊಂದು ತವರು ಅಂತ ಉಳಿದ್ರೆ ಸಾಕು."

ಪ್ರಮೋದಾ ಸೀಮೆಸುಣ್ಣ ಕೆಳಗಿಟ್ಟಳು. ಸಹಿ ಹಾಕಿದರೆ ಪಾಲು ಹೋಗುತ್ತದೆ, ಹಾಕದಿದ್ದರೆ ತವರು ಹೋಗುತ್ತದೆ. ಅವಳು ಇಷ್ಟು ದಿನ ತೂಗಿದ್ದು ಇವೆರಡನ್ನೇ. ತಂದೆ ಹೋದಮೇಲೆ ತಾಯಿಗೂ ಒಂದು ಪಾಲಿದೆ ಎಂಬುದು ಗೊತ್ತಿದ್ದೂ ಲೆಕ್ಕಕ್ಕೆ ಬಂದಿರಲಿಲ್ಲ. ಪಾಠ ಹೇಳುವವಳೇ ತಾಯಿಯನ್ನು ಮನೆ, ಕೊಟ್ಟಿಗೆ, ಹಸುಗಳ ಜೊತೆಗೆ ತಮ್ಮನ ಭಾಗಕ್ಕೆ ಸೇರಿಸಿಬಿಟ್ಟಿದ್ದಳು.

"ನೀನ್ಯಾಕಮ್ಮ ಒತ್ತೋದು?"

"ಅವ್ನ ಮನೇಲಿ ಉಣ್ಣೋಳಲ್ವಾ ನಾನು?"

ಪ್ರಮೋದಾ ಫೋನ್ ತೆಗೆದಳು. "ಈಗ್ಲೇ ಹೇಳ್ತೀನಿ ಅವ್ನಿಗೆ. ಮಾರೋದಾದ್ರೆ ಮಾರ್ಲಿ, ದುಡ್ಡು ಮೂರು ಭಾಗ ಆಗ್ಲಿ. ನಂದು ನಂಗೆ, ನಿಂದು ನಿನ್ನ ಖಾತೆಗೆ."

"ಫೋನಲ್ಲಿ ಹೇಳೋ ಮಾತೇನೇ ಇದು?" ತಾಯಿ ಅವಳ ಕೈ ಹಿಡಿದಳು. ಬೇಡ ಅನ್ನುತ್ತಾಳೆಂದೇ ಪ್ರಮೋದಾ ಅಂದುಕೊಂಡಳು. ವರಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು: "ನನ್ ಖಾತೆಗೇ ಬರುತ್ತಾ?"

"ಬರುತ್ತೆ."

"ನಾನೇ ಬಿಡಿಸ್ಬೋದಾ?"

"ನೀನೇ."

"ನಡಿ ಮತ್ತೆ, ಮನೇಗೆ ಹೋಗಿ ಮುಖ ನೋಡಿ ಹೇಳಾಣ."

ಅಂಗಳದಲ್ಲಿ ಮಂಜೇಶ ಬೈಕು ತೊಳೆಯುತ್ತಿದ್ದ. ಹೇಳಬೇಕಾದ್ದನ್ನು ಪ್ರಮೋದಾ ನಿಂತಲ್ಲೇ ಹೇಳಿದಳು. ಅವನು ನಲ್ಲಿ ನಿಲ್ಲಿಸಿದ.

"ಸಂಬಳ ಸಾಲ್ದಾ ನಿಂಗೆ? ಅಮ್ಮನ್ನೂ ಎತ್ಕಟ್ಟಿದೀಯ. ಹಂಗಾದ್ರೆ ಇನ್ಮೇಲೆ ಈ ಕಡೆ ಬರ್ಬೇಡ ಕಣಕ್ಕ."

ಬರುತ್ತದೆಂದು ಗೊತ್ತಿದ್ದ ಮಾತೇ. ತಾನಾಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಅವ್ಳು ಎತ್ಕಟ್ಟಿಲ್ಲ, ನಾನೇ ಕೇಳ್ತಿರೋದು," ಅಂದಳು ವರಲಕ್ಷ್ಮಮ್ಮ. "ಅವ್ಳು ಬರೋದು ನನ್ನ ನೋಡೋಕೆ. ಬರ್ತಾಳೆ."

ಹಾಲು ಕರೆಯುವ ಹೊತ್ತಾಗಿತ್ತು, ತಾಯಿ ಕೊಟ್ಟಿಗೆಗೆ ಹೋದಳು. ಮಂಜೇಶ ಮತ್ತೆ ನಲ್ಲಿ ತಿರುಗಿಸಿದ. ಪ್ರಮೋದಾ ಹೊರಗೆ ಚಪ್ಪಲಿ ಬಿಟ್ಟು, ಯಾರೂ ಕರೆಯದಿದ್ದರೂ ಒಳಗೆ ಹೋಗಿ, ಕಾಫಿಗೆ ನೀರಿಟ್ಟಳು.