ಹುಳ ಜ್ವರಕ್ಕೆ ಕೂತ ದಿನ

ನಮ್ಮ ಕಡೆ ಇದು ಯಾರಿಗೂ ಹೊಸದಲ್ಲ. ಕೆರೆ ಏರಿಯ ಮೇಲೆ ಒಂದು ಕಾರು ಬಂದು ನಿಲ್ಲುತ್ತದೆ. ಹಿಂದಿನ ಬಾಗಿಲು ತೆರೆದು ಒಂದು ನಾಯಿ ಇಳಿಯುತ್ತದೆ. ಬಾಗಿಲು ಮುಚ್ಚಿಕೊಂಡು ಕಾರು ಹೊರಟುಹೋಗುತ್ತದೆ. ನಾಯಿ ಒಂದಷ್ಟು ದೂರ ಹಿಂದೆ ಓಡಿ, ಆಮೇಲೆ ಏರಿಯ ಮೇಲೇ ಕೂತು ಆ ದಾರಿಯನ್ನೇ ನೋಡುತ್ತದೆ. ಕತ್ತಿನಲ್ಲಿ ಪಟ್ಟಿ ಇರುತ್ತದೆ, ಮೈಯಲ್ಲಿ ಸೋಪಿನ ವಾಸನೆ ಇನ್ನೂ ಇರುತ್ತದೆ. ಹೊಟ್ಟೆಗೆ ಎಲ್ಲಿ ಹುಡುಕಬೇಕು ಅನ್ನುವುದು ಮಾತ್ರ ಅದಕ್ಕೆ ಗೊತ್ತಿರುವುದಿಲ್ಲ.

ನಂದಗುಡಿ ಕಡೆಯ ಒಂದು ಊರಿನಲ್ಲಿ ಗಂಗಲಕ್ಷ್ಮಮ್ಮ ಇಂಥ ನಾಯಿಗಳನ್ನು ಎಷ್ಟೋ ನೋಡಿದ್ದಳು. ಅವಳೂ ಅವಳ ಗಂಡ ವೆಂಕಟರಾಯಪ್ಪನೂ ರೇಷ್ಮೆ ಹುಳ ಮೇಯಿಸುವವರು. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳದ ಮನೆ, ಕೊಟ್ಟಿಗೆಯಲ್ಲಿ ಒಂದು ಸೀಮೆಹಸು. ಅವರ ಹಳೆಯ ನಾಯಿ ಕರಿಯ ವಯಸ್ಸಾಗಿ ತೀರಿಕೊಂಡಿತ್ತು. ಇಬ್ಬರೂ ತೋಟದಲ್ಲಿದ್ದಾಗ ಮನೆಯ ಕಡೆ ಯಾರು ಬಂದರೂ ತಿಳಿಯುತ್ತಿರಲಿಲ್ಲ. ಒಂದು ಗಂಡು ಮರಿ ತರಬೇಕು ಅಂತ ಮಾತಾಡಿಕೊಳ್ಳುತ್ತಿದ್ದರು.

ಆ ಸುದ್ದಿ ಪಕ್ಕದ ಮನೆ ಅಮ್ಮಯಮ್ಮನ ಮಗಳು ಶಿಲ್ಪಳ ಕಿವಿಗೆ ಬಿತ್ತು. ಹೊಸಕೋಟೆ ಆಚೆ ಬಿಟ್ಟುಹೋದ ಪ್ರಾಣಿಗಳನ್ನು ಸಾಕುವ ಆಶ್ರಯ ಕೇಂದ್ರದಲ್ಲಿ ಅವಳಿಗೆ ಕೆಲಸ. ಸಾಯಂಕಾಲ ಗಂಗಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಿದ್ದಾಗ ಬಂದು ಎದುರಿಗೇ ಕುಕ್ಕರಗಾಲಲ್ಲಿ ಕೂತಳು.

"ದೊಡ್ಡಮ್ಮ, ಮರಿ ಯಾಕೆ ಹುಡುಕ್ತೀರಾ? ನಮ್ಮಲ್ಲಿ ಒಂದು ಹೆಣ್ಣು ನಾಯಿ ಐತೆ. ನಮ್ಮ ಕೆರೆ ಏರಿ ಮೇಲೆ ಬಿಟ್ಟೋಗಿದ್ರಲ್ಲ, ಅದೇ. ಬಲು ಸಾಧು."

"ಸಾಧು ಅಂದ್ರೆ ಏನೋ ಐಬಿದೆ ಅಂತ. ಏನದು, ಬಾಯಿಬಿಡು."

ಶಿಲ್ಪ ಮುಚ್ಚಿಡಲಿಲ್ಲ. "ಫಿಟ್ಸ್ ಬರುತ್ತೆ. ಮನುಷ್ಯರಿಗೆ ಮೂರ್ಛೆ ಬರಲ್ವಾ, ಹಂಗೆ. ಇನ್ನೊಂದು, ಯಾರೋ ಚೆನ್ನಾಗಿ ಹೊಡೆದವ್ರೆ ಅದಕ್ಕೆ. ಕೋಲು ಕಂಡ್ರೆ ನಿಂತಲ್ಲೇ ಉಚ್ಚೆ ಹುಯ್ಕೊಂಡ್ಬಿಡುತ್ತೆ."

"ಭಲೇ! ಕಾವಲಿಗೆ ನಾಯಿ ಬೇಕು ಅಂದ್ರೆ, ನಾಯಿಗೆ ನಾವೇ ಕಾವಲು ಕೂರೋ ಹಂಗೆ ಮಾಡ್ತೀಯಲ್ಲೇ!"

ಜಗಲಿಯ ಮೇಲಿದ್ದ ವೆಂಕಟರಾಯಪ್ಪ ಗಟ್ಟಿಯಾಗಿ ನಕ್ಕ. ಶಿಲ್ಪಳೂ ನಕ್ಕಳು. ಆದರೆ ಎದ್ದುಹೋಗಲಿಲ್ಲ.

"ನಗಬೇಡಿ ದೊಡ್ಡಪ್ಪ. ಕೇಂದ್ರ ತುಂಬೋಗದೆ. ಒಂದು ಬೊಗಳಿದ್ರೆ ಎಲ್ಲಾ ಬೊಗಳ್ತವೆ. ಆ ಗದ್ದಲಕ್ಕೆ ಇದಕ್ಕೆ ಫಿಟ್ಸ್ ಜಾಸ್ತಿ ಆಗದೆ. ಅನ್ನ ಬಿಟ್ಟದೆ. ಸದ್ದಿಲ್ಲದ ಮನೆ ಬೇಗ ಸಿಕ್ಕಿದ್ರೆ ಉಳಿಯುತ್ತೆ, ಕೇಂದ್ರದಲ್ಲೇ ಇದ್ರೆ ಉಳಿಯಲ್ಲ ಅಂದ್ಬಿಟ್ರು ಡಾಕ್ಟ್ರು. ಬರೋರೆಲ್ಲ ಮರಿ ಕೇಳ್ತಾರೆ. ಇದರ ಕಡೆ ಯಾರೂ ತಿರುಗೂ ನೋಡಲ್ಲ."

ಗಂಗಲಕ್ಷ್ಮಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ಆದರೂ ಅವಳು ಹುಳ ಸಾಕುವವಳು. "ಉಣ್ಣೆ ಸಾಯೋ ಪೌಡರ್ ಹಾಕಿದ ನಾಯಿ ಹುಳದ ಮನೆ ಕಡೆ ಸುಳಿದ್ರೆ, ಅದರ ವಿಷಕ್ಕೆ ಹುಳ ಸತ್ತು ಬೆಳೆ ಪೂರ್ತಿ ಹೋಯ್ತು. ಅದು ಗೊತ್ತೇನೇ ನಿಂಗೆ?"

"ಗೊತ್ತು. ಪೌಡರ್ ಇಲ್ಲ, ಸ್ಪ್ರೇ ಇಲ್ಲ. ಬಾಚಣಿಗೇಲಿ ಬಾಚಿ ಕೈಯಲ್ಲೇ ಉಣ್ಣೆ ತೆಗೀತೀನಿ, ವಾರವಾರ ನಾನೇ ಬಂದು. ಹುಳದ ಮನೆ ಒಳಗೆ ಬಿಡ್ಲೇಬೇಡಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗದೆ."

"ಊರಲ್ಲಿ ಇಷ್ಟೊಂದು ಮನೆ ಇದಾವೆ. ನಾನೇ ಯಾಕೆ?"

"ಅದಕ್ಕೆ ಬೇಕಾಗಿರೋದು ಗದ್ದಲ ಇಲ್ಲದ ಜಾಗ, ಬೆಳಗ್ಗೆ ಸಾಯಂಕಾಲ ಹೊತ್ತಿಗೆ ಸರಿಯಾಗಿ ಒಂದು ಮಾತ್ರೆ. ಹುಳದ ಮನೇಲಿ ಜೋರಾಗಿ ಕೆಮ್ಮಿದ್ರೂ ದೊಡ್ಡಪ್ಪನ್ನ ಬೈತೀರಾ. ಮದುವೆ ಮನೇಲಿ ಊಟಕ್ಕೆ ಕೂತಿದ್ರೂ ಸೊಪ್ಪು ಹಾಕೋ ಹೊತ್ತಾಯ್ತು ಅಂತ ಎದ್ದು ಬರ್ತೀರಾ. ಇಂಥ ಮನೆ ನಾನೆಲ್ಲಿ ಹುಡುಕ್ಲಿ ದೊಡ್ಡಮ್ಮ?"

ಗಂಗಲಕ್ಷ್ಮಮ್ಮ ಉಳಿದ ಸೊಪ್ಪನ್ನೆಲ್ಲ ಬಿಡಿಸಿ ಮುಗಿಸಿದಳು. ಕೊನೆಗೆ ಮಡಿಲಿನ ಸೊಪ್ಪು ಕೊಡವಿ ಅಂದಳು: "ಒಂದು ಬೆಳೆ. ಗೂಡು ಬಿಡಿಸೋ ತನಕ. ಆಮೇಲೆ ನೀನೇ ಬಂದು ಕರ್ಕೊಂಡು ಹೋಗಬೇಕು."

ಹಳೆಯ ಚರ್ಮ ಕಳಚಿ ಮೂರನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕಿದ ದಿನವೇ ನಾಯಿ ಬಂತು. ಮಾಸಲು ಬಿಳಿ ಬಣ್ಣ, ಪಕ್ಕೆಲುಬು ಕಾಣುವ ಮೈ. ಗಾಡಿಯಿಂದ ಇಳಿದದ್ದೇ ಹೊಂಗೆ ಮರದ ಬುಡಕ್ಕೆ ಹೋಗಿ, ಮೂತಿಯನ್ನು ಬಾಲದೊಳಗೆ ಹುದುಗಿಸಿ ಸುತ್ತಿಕೊಂಡು ಮಲಗಿತು. ಹುಳ ಗೂಡು ಕಟ್ಟಲು ಬಿಡುತ್ತಾರಲ್ಲ ಬಿದಿರಿನ ಚಂದ್ರಿಕೆ, ಅದರ ಸುತ್ತಿನ ಹಾಗೇ ಇತ್ತು. "ಒಳ್ಳೇ ಚಂದ್ರಿಕೆ ಹಂಗೆ ಸುತ್ಕೊಂಡೈತೆ ನೋಡು," ಅಂದ ವೆಂಕಟರಾಯಪ್ಪ. ಅಲ್ಲಿಂದ ಅದು ಚಂದ್ರಿ ಆಯಿತು.

ಹೇಗೆ ನಡೆದುಕೊಳ್ಳಬೇಕೆಂದು ಶಿಲ್ಪ ಹೇಳಿಕೊಟ್ಟಿದ್ದಳು. ಹತ್ತಿರ ಕರೆಯಬೇಡಿ, ಕಣ್ಣಿಟ್ಟು ನೋಡಬೇಡಿ, ಕಟ್ಟಿಹಾಕಬೇಡಿ, ಅದಾಗೇ ಬರಲಿ. ವೆಂಕಟರಾಯಪ್ಪ ಹಸು ಹೊಡೆಯುವ ಕೋಲನ್ನು ಗೇಟಿನ ಹೊರಗೆ ಗೋಡೆಗೆ ಒರಗಿಸಿ ಬರಲು ಶುರುಮಾಡಿದ. ಗಂಗಲಕ್ಷ್ಮಮ್ಮ ಹುಳಕ್ಕೆ ಸೊಪ್ಪು ಹಾಕಿ ಹೊರಬಂದವಳೇ ಮಾತ್ರೆಯನ್ನು ಒಂದು ತುಣುಕು ಮುದ್ದೆಯಲ್ಲಿ ಅದುಮಿ, ಮರದ ಹತ್ತಿರ ಇಟ್ಟು, ಬೆನ್ನು ತಿರುಗಿಸಿ ಕೂರುತ್ತಿದ್ದಳು. ಹಿಂದೆ ಮೆಲ್ಲಗೆ ತರಗೆಲೆ ಸರಿದ ಸದ್ದು. ಮುದ್ದೆ ನುಂಗಿದ ಸದ್ದು. ತಿರುಗಿ ನೋಡುವಷ್ಟರಲ್ಲಿ ಚಂದ್ರಿ ಮತ್ತೆ ಸುತ್ತಿಕೊಂಡಿರುತ್ತಿತ್ತು. ಮುದ್ದೆ ಇಡುವ ಜಾಗ ಮಾತ್ರ ದಿನದಿನಕ್ಕೂ ಮನೆಯ ಬಾಗಿಲಿಗೆ ಹತ್ತಿರವಾಗುತ್ತಿತ್ತು.

ಆಮೇಲೆ ಹುಳ ನಾಲ್ಕನೇ ಜ್ವರಕ್ಕೆ ಕೂತವು.

ಹುಳ ಸಾಕುವವರಿಗೆ ಇದು ಗೊತ್ತು. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಹಳೆಯ ಚರ್ಮ ಕಳಚುವ ಕಾಲ. ತಲೆ ಎತ್ತಿ, ಪ್ರಾಣವೇ ಇಲ್ಲವೇನೋ ಅನ್ನುವ ಹಾಗೆ ನಿಂತುಬಿಡುತ್ತವೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಅಲುಗಿಸುವಂತಿಲ್ಲ. ಬೆಳೆಯ ನಡುವೆ ಮನೆಯವರಿಗೆ ಸಿಗುವ ಬಿಡುವು ಅಂದರೆ ಅದೊಂದೇ. ಗಂಗಲಕ್ಷ್ಮಮ್ಮ ಸಂಜೆ ಬೇಗ ಮಲಗಿದಳು. ಬೆಳಗ್ಗೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಹಪ್ಪಳ ಒತ್ತಲು ಅಮ್ಮಯಮ್ಮನ ಮನೆಗೆ ಹೋದಳು.

ಮಧ್ಯಾಹ್ನ ಬೀದಿಯಲ್ಲಿ ಕೂಗು ಕೇಳಿಸಿತು.

"ಗಂಗಕ್ಕಾ! ಓಡ್ಬನ್ನಿ! ನಿಮ್ಮ ನಾಯಿಗೆ ಹುಚ್ಚು ಹಿಡಿದೈತೆ!"

ಕೂಗಿದವನು ಎದುರು ಮನೆಯ ಬೈರೇಶ್. ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಚಂದ್ರಿ ಹೊಂಗೆ ಮರದ ಕೆಳಗೆ ಮಗ್ಗುಲಾಗಿ ಬಿದ್ದಿತ್ತು. ಕಾಲುಗಳು ಸೈಕಲ್ ತುಳಿದ ಹಾಗೆ ಹೊಡೆದುಕೊಳ್ಳುತ್ತಿದ್ದವು. ಬಾಯಲ್ಲಿ ನೊರೆ. ಬೈರೇಶನ ಕೈಯಲ್ಲಿ ದಪ್ಪ ಕೋಲು. ಅತ್ತ ವೆಂಕಟರಾಯಪ್ಪ, ಮೂರ್ಛೆ ಬಂದವರಿಗೆ ಹಿಡಿಸುತ್ತಾರಲ್ಲ ಹಾಗೆ, ಒಂದು ಕೈಯಲ್ಲಿ ಬೀಗದ ಕೀ, ಇನ್ನೊಂದರಲ್ಲಿ ಜಜ್ಜಿದ ಈರುಳ್ಳಿ ಹಿಡಿದು ನಿಂತಿದ್ದ.

"ದೂರ ಸರೀರಿ ಗಂಗಕ್ಕ! ನೊರೆ ನೋಡಿ! ಬೀದೀಲಿ ಮಕ್ಳು ಮರಿ ಓಡಾಡ್ತವೆ. ಒಂದೇಟಿಗೆ ಮುಗಿಸ್ಬಿಡ್ತೀನಿ."

ಬೈರೇಶನ ಭಯ ಸುಳ್ಳಲ್ಲ. ಆದರೆ ಇದಕ್ಕೆ ಫಿಟ್ಸ್ ಬರುತ್ತದೆ ಅಂತ ಶಿಲ್ಪ ಹೇಳಿದ್ದು ಗಂಗಲಕ್ಷ್ಮಮ್ಮನ ನೆನಪಿಗೆ ಬಂತು. ನಾಯಿಗೂ ಕೋಲಿಗೂ ನಡುವೆ ಹೋಗಿ ನಿಂತಳು.

"ಬೈರೇಶ, ಜ್ವರಕ್ಕೆ ಕೂತಿರೋ ಹುಳನ ಯಾವತ್ತಾದ್ರೂ ಮುಟ್ಟಿದ್ದೀಯೇನೋ?"

"ಇದ್ಯಾಕಕ್ಕ ಈಗ..."

"ಹೇಳೋ! ಮುಟ್ಟಿದ್ದೀಯಾ?"

"ಇಲ್ಲ. ಮುಟ್ಟಿದ್ರೆ ಹಾಳಾಗ್ತವೆ."

"ಇದೂ ಹಂಗೇ ಅಂದ್ಕೋ. ತಾನಾಗಿ ಏಳೋ ತನಕ ಬಿಡು. ಕೋಲು ಆಚೆಗಿಡು. ರೀ, ಆ ಈರುಳ್ಳಿ ಬಿಸಾಕಿ ಶಿಲ್ಪಂಗೆ ಫೋನ್ ಹಚ್ಚಿ!"

ಫೋನಿನಲ್ಲಿ ಶಿಲ್ಪಳ ದನಿ ಎಲ್ಲರಿಗೂ ಕೇಳಿಸಿತು. "ಬಾಯಿಗೆ ಕೈ ಹಾಕ್ಬೇಡಿ, ನೀರು ಹುಯ್ಬೇಡಿ. ತಲೆ ಹತ್ರ ಕಲ್ಲು ಗಿಲ್ಲು ಇದ್ರೆ ಸರಿಸಿ. ಗಲಾಟೆ ಬೇಡ. ಗಡಿಯಾರ ನೋಡ್ಕೊಳ್ಳಿ, ಐದು ನಿಮಿಷ ದಾಟಿದ್ರೆ ಇಲ್ಲಾ ಮತ್ತೆ ಮತ್ತೆ ಬಂದ್ರೆ ತಕ್ಷಣ ಡಾಕ್ಟ್ರ ಹತ್ರ ಎತ್ಕೊಂಡು ಹೋಗ್ಬೇಕು. ನಾನು ಬರ್ತಾ ಇದೀನಿ."

ಕೂಗು ಕೇಳಿ ಸೇರಿದ್ದ ಬೀದಿಯವರೂ ಸದ್ದು ಮಾಡದೆ ದೂರ ಸರಿದು ನಿಂತರು. ಐದು ನಿಮಿಷ ಆಗುವ ಮೊದಲೇ ಕಾಲುಗಳ ಹೊಡೆತ ಮೆಲ್ಲಗಾಯಿತು. ನಿಂತಿತು. ಚಂದ್ರಿ ಸತ್ತ ಹಾಗೆ ಬಿದ್ದಿತ್ತು. ಮುಗಿಯಿತು ಅಂದುಕೊಂಡಳು ಗಂಗಲಕ್ಷ್ಮಮ್ಮ. ಅಷ್ಟರಲ್ಲಿ ಕಿವಿ ಅಲುಗಿತು. ಚಂದ್ರಿ ತಲೆ ಎತ್ತಿತು, ಎದ್ದಿತು, ತೂರಾಡುತ್ತಾ ಮರಕ್ಕೆ ಡಿಕ್ಕಿ ಹೊಡೆದುಕೊಂಡಿತು. ಕಣ್ಣು ಎಲ್ಲೋ ನೋಡುತ್ತಿತ್ತು. ಆಮೇಲೆ ಮೂಗಿನಲ್ಲಿ ಗಾಳಿಯನ್ನು ಹುಡುಕುತ್ತಾ ಹುಡುಕುತ್ತಾ, ಎಂದೂ ತಾನಾಗಿ ಯಾರ ಹತ್ತಿರವೂ ಬಾರದಿದ್ದ ಆ ಜೀವ ನೇರ ಗಂಗಲಕ್ಷ್ಮಮ್ಮನ ಹತ್ತಿರ ಬಂದು, ಹಿಟ್ಟು ಮೆತ್ತಿದ ಅವಳ ಕೈಯೊಳಗೆ ಮೂತಿ ಇಟ್ಟಿತು.

ಬೈರೇಶ್ ಬಾಯಿ ತೆರೆದುಕೊಂಡು ನಿಂತಿದ್ದ. "ಗುರುವೇ! ಎದ್ಬಿಡ್ತಲ್ಲಕ್ಕ!" ಅಂದ, ಪಿಸುಮಾತಿನಲ್ಲಿ.

ಶಿಲ್ಪ ಬಂದವಳೇ ಕೇಳಿದ್ದು ಒಂದೇ ಪ್ರಶ್ನೆ. "ಮಾತ್ರೆ ಯಾವಾಗ ಕೊಟ್ರಿ ದೊಡ್ಡಮ್ಮ?"

"ತಪ್ಪದೆ ಕೊಟ್ಟಿದ್ದೀನಿ ಕಣೇ, ಸೊಪ್ಪು ಹಾಕಿ ಬಂದಾಗೆಲ್ಲ..." ಅಂದವಳು ಅಲ್ಲಿಗೇ ನಿಂತಳು. "ಅಯ್ಯೋ. ಹುಳ ಜ್ವರಕ್ಕೆ ಕೂತಿದ್ವು. ನಾನು ಸೊಪ್ಪೇ ಹಾಕ್ಲಿಲ್ಲ. ಮಾತ್ರೆ ನೆನಪೇ ಆಗ್ಲಿಲ್ಲ!"

ಶಿಲ್ಪ ಬೈಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಪ್ರಕಾರ ಮಾತ್ರೆ ಕೊಟ್ಟಳು. "ತಪ್ಪೋಯ್ತು ಅಂತ ನಾವೇ ಎರಡೆರಡು ಕೊಡಬಾರ್ದು, ವಾಸಿಯಾಯ್ತು ಅಂತ ನಿಲ್ಲಿಸ್ಲೂಬಾರ್ದು. ಎಲ್ಲಾ ಡಾಕ್ಟ್ರನ್ನ ಕೇಳೇ ಮಾಡ್ಬೇಕು," ಅಂದಳು. ಬೈರೇಶನ ಕಡೆ ತಿರುಗಿ, "ಅಣ್ಣ, ನೀನು ಹೆದರಿದ್ದು ತಪ್ಪಲ್ಲ. ಯಾವ ನಾಯಿ ಕಚ್ಚಿದ್ರೂ ಗಾಯನ ಸೋಪು ಹಾಕಿ ಹರಿಯೋ ನೀರಲ್ಲಿ ಕಾಲು ಗಂಟೆ ತೊಳೆದು, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಲೇಬೇಕು. ಆದ್ರೆ ಫಿಟ್ಸ್ ಬಂದಿರೋದಕ್ಕೆಲ್ಲ ಹುಚ್ಚಲ್ಲ," ಅಂದಳು.

ವೆಂಕಟರಾಯಪ್ಪ ಗಂಟಲು ಸರಿಮಾಡಿಕೊಂಡ. "ಲೇ, ಹುಳಕ್ಕೆ ಜ್ವರ ಇರ್ತದೆ, ಬೆಳೆಗೆ ಬಿಡುವು ಇರ್ತದೆ. ನಮ್ಮ ಹಸು ಮಾತ್ರ ಯಾವತ್ತೂ ರಜಾ ಹಾಕಿಲ್ಲ. ಹಾಲು ಕರೆಯೋ ಹೊತ್ತಿಗೆ ಮಾತ್ರೆ ಕೊಡು." ಮಾತ್ರೆಯ ಡಬ್ಬಿ ಅಂದೇ ಕೊಟ್ಟಿಗೆಯ ಗೋಡೆಗೂಡಿಗೆ ಬಂತು, ಹಾಲಿನ ಕ್ಯಾನಿನ ಪಕ್ಕ. ಮತ್ತೆ ತಪ್ಪಲಿಲ್ಲ.

ಹುಳ ಜ್ವರ ಎದ್ದು, ಹೊಸ ಚರ್ಮದಲ್ಲಿ ಹಸಿವು ಹೊತ್ತುಕೊಂಡು ಸೊಪ್ಪಿಗೆ ಬಿದ್ದವು. ದೊಡ್ಡ ಹುಳ ಸೊಪ್ಪು ತಿನ್ನುವ ಸದ್ದು ಕೇಳಿದವರಿಗೇ ಗೊತ್ತು. ಒಣಗಿದ ಎಲೆಯ ಮೇಲೆ ಸೋನೆ ಹಿಡಿದ ಹಾಗೆ, ನಿಲ್ಲದೆ, ಒಂದೇ ಸಮನೆ. ಒಂದು ಸಂಜೆ ಗಂಗಲಕ್ಷ್ಮಮ್ಮ ಹುಳದ ಮನೆಯಿಂದ ಹೊರಗೆ ಬಂದು ಪರದೆ ಎಳೆದಳು. ನೋಡಿದರೆ ಚಂದ್ರಿ ಹೊಂಗೆ ಮರ ಬಿಟ್ಟು ಅಂಗಳದ ನಡುವೆ ಬಂದು ಕೂತಿದೆ. ಎರಡೂ ಕಿವಿ ನಿಗುರಿಸಿ ಆ ಸದ್ದನ್ನು ಕೇಳುತ್ತಿದೆ. ತಟ್ಟೆ ಬಿದ್ದರೆ ನಡುಗುತ್ತಿದ್ದ ಮೈ ಸಡಿಲವಾಯಿತು. ಕಣ್ಣು ಮುಚ್ಚಿತು. ಮೊದಲ ಸಲ ಅದು ಸುತ್ತಿಕೊಳ್ಳದೆ, ಹೊಟ್ಟೆ ತೋರಿಸಿ, ನಾಲ್ಕೂ ಕಾಲು ಚಾಚಿ ಮಲಗಿತು.

ಗಂಗಲಕ್ಷ್ಮಮ್ಮ ನಿಂತಲ್ಲೇ ನಿಂತಳು. ಅಷ್ಟು ವರ್ಷ ಅದೇ ಸದ್ದಿನ ನಡುವೆ ಬಾಳಿದ್ದಳು. ಅದರಲ್ಲಿ ಇಷ್ಟೊಂದು ನೆಮ್ಮದಿ ಇದೆ ಅಂತ ಅವಳಿಗೆ ತೋರಿಸಲು ಏರಿಯ ಮೇಲೆ ಬಿಟ್ಟುಹೋದ ನಾಯಿಯೇ ಬರಬೇಕಾಯಿತು. ಗಂಡನನ್ನು ಕೈಸನ್ನೆಯಲ್ಲಿ ಕರೆದಳು. ಅವನೂ ಬಂದು ಪಕ್ಕದಲ್ಲಿ ನಿಂತ.

ಹುಳ ಮೇಯುವುದು ನಿಲ್ಲಿಸಿ, ಹಣ್ಣಾಗಿ ಚಂದ್ರಿಕೆ ಏರಿದವು, ಗೂಡು ಕಟ್ಟಿದವು. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮರುದಿನ ಶಿಲ್ಪ ಗಾಡಿ ತಂದಳು. ಗೇಟಿನ ಹತ್ತಿರ ಅವಳಿಗೆ ನಗು ಬಂತು. ಹೊರಗಡೆ ಗೋಡೆಗೆ ಒಂದಲ್ಲ, ನಾಲ್ಕಾರು ಕೋಲು ಒರಗಿದ್ದವು. ಜಗಲಿಯ ಮೇಲೆ ಬೀದಿಯ ಗಂಡಸರು ಕೂತು ಹರಟುತ್ತಿದ್ದರು. ಬೈರೇಶನೂ ಇದ್ದ. ಅವನ ದಪ್ಪ ಕೋಲೂ ಹೊರಗೇ ಇತ್ತು.

ಗೇಟಿನ ಮುಂದೆ ಗಾಡಿ ನಿಂತದ್ದು ಕಂಡು ಅಂಗಳದಿಂದ ಒಂದು ದನಿ ಎದ್ದಿತು. ಭೌ! ಹರಟೆ ಗಕ್ಕನೆ ನಿಂತಿತು. ಚಂದ್ರಿಯ ದನಿಯನ್ನು ಆ ಬೀದಿ ಕೇಳಿದ್ದು ಅದೇ ಮೊದಲು.

"ಬೆಳೆ ಮುಗೀತಲ್ಲ ದೊಡ್ಡಮ್ಮ, ಕರ್ಕೊಂಡು ಹೋಗ್ಲಾ?" ಅಂದಳು ಶಿಲ್ಪ.

ಚಂದ್ರಿ ಹೋಗಿ ಗಂಗಲಕ್ಷ್ಮಮ್ಮನ ಪಾದದ ಮೇಲೆ ತಲೆಯಿಟ್ಟು ಮಲಗಿತು. ಅವಳು ಕಾಲು ಅಲುಗಿಸಲಿಲ್ಲ.

"ನೋಡು, ಗೇಟಿನ ಹತ್ರ ನೀನು ಬಂದಿದ್ದು ನಂಗೆ ಹೇಳಿದ್ದು ಯಾರು?" ಅಂದಳು. "ಕಾವಲಿಗೆ ನಾಯಿ ಬೇಕು ಅಂದಿದ್ದೆ. ಕೊಟ್ಟಿದ್ದೀಯ. ಹಾಲು ಕರೆಯೋ ಹೊತ್ತಾಯ್ತು, ಅದರ ಮಾತ್ರೆ ಕೊಟ್ಟು ಬರ್ತೀನಿ. ಕಾಫಿ ಕುಡಿದು ಹೋಗುವಂತೆ ಕೂತ್ಕೋ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಗೂ ಒಂದು ನಾಯಿಯೋ ಬೆಕ್ಕೋ ಬೇಕು ಅನ್ನಿಸಿದರೆ, ಹತ್ತಿರದ ಆಶ್ರಯ ಕೇಂದ್ರಕ್ಕೆ ಹೋಗಿ. ಮುಂದೆ ಬಂದು ಬಾಲ ಆಡಿಸುವ ಮರಿಯನ್ನು ನೋಡಿ, ಮುದ್ದು ಮಾಡಿ. ಆಮೇಲೆ ಒಂದು ಮಾತು ಕೇಳಿ: "ಯಾರೂ ಕೇಳದೇ ಇರೋದು ಯಾವುದಿದೆ?" ಅದಕ್ಕೆ ಏನು ಕಾಯಿಲೆ, ಯಾವ ಔಷಧಿ, ಯಾತರ ಭಯ ಎಂದು ಬಿಡಿಸಿ ತಿಳಿದುಕೊಳ್ಳಿ. ನಿಮ್ಮ ಮನೆಯ ಕೆಲಸದ ಹೊತ್ತಿಗೆ ಅದರ ಮಾತ್ರೆಯ ಹೊತ್ತು ಹೊಂದುತ್ತದೆಯೇ ಎಂದು ಮನೆಯವರೆಲ್ಲ ಕೂತು ಯೋಚಿಸಿ. ಆಗದಿದ್ದರೆ ಆಗುವುದಿಲ್ಲ ಎಂದು ಹೇಳಿ, ಅದರಲ್ಲಿ ನಾಚಿಕೆಯಿಲ್ಲ. ಕೆಲವು ದಿನ ಮಾತ್ರ ಇಟ್ಟುಕೊಂಡು ನೋಡುತ್ತೇವೆ ಎಂದರೂ ಅದು ದೊಡ್ಡ ಉಪಕಾರವೇ. ಆದರೆ ತಂದ ಮೇಲೆ ಯಾವ ಕೆರೆ ಏರಿಯ ಮೇಲೂ ಬಿಟ್ಟುಬರಬೇಡಿ.

ಹೆದರಿದ ಜೀವವೊಂದು ತಾನಾಗಿ ನಿಮ್ಮ ಕೈಯೊಳಗೆ ಮೂತಿ ಇಡುವ ಗಳಿಗೆ ಎಂಥದೆಂದು ಹೇಳಿದರೆ ತಿಳಿಯುವುದಿಲ್ಲ. ಕೈ ಚಾಚಿ, ಅವಸರ ಮಾಡದೆ ಕೂತಿರಿ. ಅದು ಬರುತ್ತದೆ.