ನೀಲವ್ವನ ಬೆನ್ನಮೇಲೆ ಒಂಬತ್ತನೆಯ ದಿನ

ನಾನು ಒಂದು ಬೆನ್ನುಚೀಲ. ಹುಬ್ಬಳ್ಳಿಯಲ್ಲಿ ಲಾರಿಗಳ ತಾಡಪತ್ರಿ ಹೊಲಿಯುವ ಖಾದರಸಾಬರು ದಪ್ಪ ಕ್ಯಾನ್ವಾಸಿನಲ್ಲಿ ನನ್ನನ್ನು ಹೊಲಿದರು. ಹೊಲಿದು ಮುಗಿದ ಮೇಲೆ ಗೋಡೆಯ ಗೂಟಕ್ಕೆ ಸಿಕ್ಕಿಸಿ, ನನ್ನ ಪಟ್ಟಿಗಳಿಗೆ ತಾವೇ ಜೋತುಬಿದ್ದು ನೋಡಿ, "ಇದು ಹರಿಯೂದಿಲ್ಲ ಬಿಡ್ರಿ. ಮೊದಲ ನಿಮ್ಮ ಮೊಣಕಾಲ ಹೋಗ್ತಾವ" ಎಂದು ನಕ್ಕರು. ಹಾಗೆಯೇ ಆಯಿತು. ನನ್ನನ್ನು ಹೊಲಿಸಿದ ಧಾರವಾಡದ ಸೋಮಲಿಂಗಪ್ಪನವರಿಗೆ ಆರೇ ವರ್ಷದಲ್ಲಿ ಮೊಣಕಾಲು ಕೈಕೊಟ್ಟವು. ನಾನು ಅವರ ಹೆಂಡತಿ ನೀಲವ್ವನ ಬೆನ್ನಿಗೆ ಬಂದೆ.

ನೀಲವ್ವನಿಗೆ ಆಗ ಐವತ್ತೆರಡು. ಅಂಚೆ ಕಚೇರಿಯ ಕೆಲಸ. ನಡಿಗೆಯಲ್ಲಿ ಗಟ್ಟಿಗಿತ್ತಿ, ಹಟದಲ್ಲಿ ಇನ್ನೂ ಗಟ್ಟಿ. ತನ್ನ ಭಾರವನ್ನು ಯಾರಾದರೂ ಮುಟ್ಟಿದರೆ ಮುಖ ಊದಿಸುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಮನೆಯವರಿಗೆಲ್ಲ ಗೊತ್ತಿತ್ತು. ಗುಳಿಗೆ ಸಾಲದೆ ಮೂರು ತಿಂಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದದ್ದು ಮಾತ್ರ ನನಗೊಬ್ಬನಿಗೇ ಗೊತ್ತು, ಏಕೆಂದರೆ ಆ ಸೂಜಿ ನನ್ನ ಒಳಜೇಬಿನಲ್ಲಿತ್ತು. ತಿಳಿದರೆ ಹಿಮಾಲಯಕ್ಕೆ ಬಿಡುವುದಿಲ್ಲವೆಂದು ಅವಳು ಮುಚ್ಚಿಟ್ಟಿದ್ದಳು. ಸೂಜಿ ಚುಚ್ಚಿಕೊಂಡ ಮೇಲೆ ಊಟ ಕಡಿಮೆಯಾಗಿ ರಕ್ತದ ಸಕ್ಕರೆ ಒಮ್ಮೆಲೇ ಇಳಿದರೆ ಪ್ರಾಣಕ್ಕೇ ಕುತ್ತು, ಸಿಹಿ ಸದಾ ಕೈಗೆಟುಕುವಂತಿರಲಿ ಎಂದು ವೈದ್ಯರು ಹೇಳಿದ್ದರು. ಹಾಗಾಗಿ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಬೆಲ್ಲ ಕಟ್ಟಿ ನನ್ನ ಪಕ್ಕದ ಜೇಬಿನಲ್ಲಿ ಇಟ್ಟುಕೊಂಡಿದ್ದಳು.

ಚಾರಣ ಬಳಗದ ಒಂಬತ್ತು ಮಂದಿ ಹೊರಟಿದ್ದರು. ಹನ್ನೆರಡು ದಿನದ ನಡಿಗೆ. ಡೇರೆಗಳನ್ನೂ ಔಷಧಿಯ ಪೆಟ್ಟಿಗೆಯನ್ನೂ ಹೇಸರಗತ್ತೆಗಳು ಹೊರುತ್ತಿದ್ದವು. ಜೊತೆಯಲ್ಲಿ ನೀಲವ್ವನ ಮೈದುನ ಗುರುಪಾದ ಇದ್ದ. ಅತ್ತಿಗೆಯೆಂದರೆ ಅವನಿಗೆ ಪ್ರಾಣ.

ಒಂಬತ್ತನೆಯ ದಿನ ಎಲ್ಲಕ್ಕಿಂತ ಎತ್ತರದ ಘಟ್ಟ ದಾಟಬೇಕಿತ್ತು. ಅಂಥ ದಿನ ಬೆಳಿಗ್ಗೆ ಬಳಗದ ಮುಖಂಡ ಪೂಜಾರ ಸರ್ ಪ್ರತಿ ಚೀಲವನ್ನೂ ಕೊಂಡಿಯ ತಕ್ಕಡಿಗೆ ತೂಗುಹಾಕಿ ನೋಡುವ ಪದ್ಧತಿ. ಏಳು ಕಿಲೋ ದಾಟಿದರೆ ಗಟ್ಟಿ ಇದ್ದವರು ಹಂಚಿಕೊಂಡು ಹೊರಬೇಕು. ನಾನು ಎಂಟು ತೂಗಿದೆ.

"ವೈನಿ, ಒಂದ ಕಿಲೋ ನನಗ ಕೊಡ್ರಿ" ಎಂದ ಗುರುಪಾದ.

"ಯಾಕೋ, ನಾ ಏನ ಮುದುಕಿ ಆಗೇನೇನು? ನಂದು ನಾ ಹೊರ್ತೇನಿ" ಎಂದು ನೀಲವ್ವ ನೀರು ತುಂಬಿಸಲು ಹೋದಳು.

ಅವಳು ಅತ್ತ ಹೋದದ್ದೇ ತಡ, ಅವನು ನನ್ನ ಜಿಪ್ ಎಳೆದ. ಒಂದು ಸ್ವೆಟರ್, ಚಟ್ನಿಪುಡಿಯ ಡಬ್ಬಿ ತೆಗೆದು ತನ್ನ ಚೀಲಕ್ಕೆ ತುಂಬಿದ. ಆಮೇಲೆ ಹಸಿರು ಗಂಟು ಕೈಗೆ ಬಂತು. ಬಿಚ್ಚಿ ನೋಡಿ, "ಸಕ್ರಿ ಬ್ಯಾನಿ ಇಟ್ಕೊಂಡು ವೈನಿಗೆ ಬೆಲ್ಲಾ ಯಾಕ ಬೇಕು? ಕದ್ದು ತಿಂತಾರ ಕಾಣಸ್ತದ" ಎಂದು ತನ್ನಷ್ಟಕ್ಕೇ ಗೊಣಗಿ ಅದನ್ನೂ ತೆಗೆದುಕೊಂಡ. ಬೇಡವೋ ಮಾರಾಯ ಎಂದು ಕೂಗಿಕೊಳ್ಳಬೇಕೆನಿಸಿತು. ಚೀಲಕ್ಕೆ ಎಲ್ಲಿಯ ಬಾಯಿ?

ನೀಲವ್ವ ಬಂದು ನನ್ನನ್ನು ಬೆನ್ನಿಗೇರಿಸಿದಳು. "ಇವತ್ತ ಹಗುರ ಅನಸ್ತದಲ್ಲ! ಗುಡ್ಡಾ ರೂಢಿ ಆತು ನನಗ" ಎಂದು ಹಿಗ್ಗಿದಳು. ಆ ಮಾತು ಕೇಳಿ ನನ್ನ ಹೊಲಿಗೆಗಳೇ ಬಿಗಿದವು. ಎತ್ತರದ ಗಾಳಿಗೆ ಹಸಿವು ಸತ್ತು, ಬೆಳಗಿನ ಉಪ್ಪಿಟ್ಟನ್ನು ಅವಳು ಎರಡೇ ತುತ್ತು ತಿಂದಿದ್ದಳು. ಸೂಜಿಯನ್ನು ಮಾತ್ರ ದಿನದ ಅಳತೆಯಲ್ಲೇ ಚುಚ್ಚಿಕೊಂಡಿದ್ದಳು.

ಹನ್ನೊಂದರ ಹೊತ್ತಿಗೆ ನಾವು ಸಡಿಲ ಕಲ್ಲಿನ ಏರಿನಲ್ಲಿದ್ದೆವು. ಉಳಿದವರು ಮುಂದೆ ಹೋಗಿದ್ದರು. ಪೂಜಾರ ಸರ್ ಒಬ್ಬರೇ ಹಿಂದೆ. ಮೊದಲು ಅವಳ ಬೆನ್ನು ಒದ್ದೆಯಾಯಿತು. ಅಷ್ಟು ಚಳಿಯಲ್ಲಿ ಆ ಬೆವರು ಸರಿಯಾದದ್ದಲ್ಲ ಎಂದು ನನಗೆ ತಿಳಿಯಿತು. ಆಮೇಲೆ ಕಾಲು ತಡವರಿಸಿದವು. ಕುಳಿತಳು. ಒಂದು ಕೈ ಹಿಂದಕ್ಕೆ ಬಂದು ನನ್ನ ಪಕ್ಕದ ಜೇಬು ಹುಡುಕಿತು. ಇನ್ನೊಮ್ಮೆ ಹುಡುಕಿತು. ನಡುಗುವ ಆ ಬೆರಳುಗಳು ಖಾಲಿ ಜೇಬಿನ ಮೂಲೆ ಮೂಲೆ ಕೆದಕಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ.

"ಬೆಲ್ಲ... ಬೆಲ್ಲ..." ಎಂದಳು. ನಾಲಗೆ ತೊದಲುತ್ತಿತ್ತು.

ಪೂಜಾರ ಸರ್ ಓಡಿಬಂದು ನನ್ನನ್ನು ಬುಡಮೇಲು ಮಾಡಿ ಸುರಿದರು. ಸೂಜಿ ಹೊರಬಿತ್ತು. ಅದನ್ನು ಕಂಡೊಡನೆ ಅವರಿಗೆ ಎಲ್ಲ ಅರ್ಥವಾಯಿತು. ಆದರೆ ಅವರ ಬಳಿ ಇದ್ದದ್ದು ನೀರು ಮತ್ತು ಉಪ್ಪು ಹಚ್ಚಿದ ಶೇಂಗಾ. ಅವರು ಇದ್ದ ಶಕ್ತಿಯನ್ನೆಲ್ಲ ಹಾಕಿ ಸೀಟಿ ಊದಿದರು. ಗುರುಪಾದ ತಿರುವಿನಾಚೆಯಿಂದ ಕಲ್ಲು ಜಾರಿಸುತ್ತ ಇಳಿದು ಬರುವಷ್ಟರಲ್ಲಿ ಕಾಲು ಗಂಟೆ ಹಿಡಿಯಿತು. ಅವಳ ಕಣ್ಣು ಮೇಲಾಗುತ್ತಿದ್ದವು.

"ಬೆಲ್ಲಾ ಅಂತಾರ, ಇದರಾಗ ಎಲ್ಲೂ ಇಲ್ಲ! ನಿನ್ನ ಹತ್ರ ಸಿಹಿ ಏನರ ಅದ ಏನೋ?" ಎಂದರು ಪೂಜಾರ ಸರ್.

ಗುರುಪಾದನ ಮುಖ ಬಿಳಿಚಿತು. "ಅದ ಸರ್. ನನ್ನ ಹತ್ರನ ಅದ" ಎಂದ.

ಬೆಲ್ಲವನ್ನು ನೀರಿನಲ್ಲಿ ಕಲಸಿ ಅವಳ ಒಸಡಿಗೆ ಸವರುತ್ತ ಹೋದ. ಅಳುತ್ತಲೇ ಸವರಿದ. ಬಹಳ ಹೊತ್ತಿನ ಮೇಲೆ ನೀಲವ್ವ ಕಣ್ಣು ಬಿಟ್ಟಳು. ಅವನ ತೊಡೆಯ ಮೇಲಿದ್ದ ಹಸಿರು ಬಟ್ಟೆಯನ್ನು ನೋಡಿದಳು, ಅವನನ್ನು ನೋಡಿದಳು. ಅವನು ಬಟ್ಟೆಯನ್ನು ಜೇಬಿಗೆ ತುರುಕಿಕೊಂಡ.

"ನೀ ಇರಲಿಲ್ಲಂದ್ರ ಇವತ್ತ ಇವರು ಉಳೀತಿರಲಿಲ್ಲಪಾ" ಎಂದು ಪೂಜಾರ ಸರ್ ಅವನನ್ನು ತಬ್ಬಿಕೊಂಡರು. ಅವನು ಬಿಡಿಸಿಕೊಂಡು, ಚೆಲ್ಲಿದ್ದ ಸಾಮಾನನ್ನು ಒಂದೊಂದಾಗಿ ನನ್ನೊಳಗೆ ತುಂಬಿದ. ಅವಳು ಅವನ ಉಬ್ಬಿದ ಜೇಬನ್ನೇ ನೋಡುತ್ತಿದ್ದಳು.

ಧಾರವಾಡಕ್ಕೆ ಬಂದ ತಿಂಗಳಿಗೆ ಬಳಗದವರು ಗುರುಪಾದನಿಗೆ ಸನ್ಮಾನ ಇಟ್ಟುಕೊಂಡರು. ನನ್ನನ್ನೂ ವೇದಿಕೆಯ ಮೇಜಿನ ಮೇಲೆ ಕೂರಿಸಿದರು. ಶಾಲು ಹೊದಿಸಲು ನೀಲವ್ವನನ್ನೇ ಕರೆದರು. ಅವಳು ಹೊದಿಸಿ, ಮೈಕ್ ಹಿಡಿದಳು.

"ಸೂಜಿ ತಗೊಳ್ಳೂದು ಮುಚ್ಚಿಟ್ಟಾಕಿ ನಾನು. ತಪ್ಪು ನಂದದ. ಒಬ್ಬರಿಗರ ಹೇಳಿದ್ರ ಅವತ್ತ ಹಂಗ ಆಗ್ತಿರಲಿಲ್ಲ. ನನ್ನ ಮಾತು ನಾ ಹೇಳೀನಿ" ಎಂದು ಮೈಕನ್ನು ಮೈದುನನ ಕೈಗಿತ್ತಳು.

ಗುರುಪಾದ ಎದ್ದು ನಿಂತ. ಸಭೆ ಕಾಯಿತು. ನಾನೂ ಕಾದೆ, ಹೇಳಿಬಿಡಪ್ಪಾ ಎಂದು. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದು, "ಎಲ್ಲಾರಿಗೂ ನಮಸ್ಕಾರ" ಎಂದು ಕುಳಿತುಬಿಟ್ಟ. ಜನ ಚಪ್ಪಾಳೆ ತಟ್ಟಿದರು.

ಇದಾಗಿ ಎರಡು ವರ್ಷ. ಈಗ ನಾನು ಕಪಾಟಿನ ಮೇಲಿದ್ದೇನೆ. ಒಂದು ಪಟ್ಟಿಯನ್ನು ಇಲಿ ಕಡಿದಿದೆ. ನೀಲವ್ವ ಬೆಟ್ಟಕ್ಕೆ ಹೋಗುವುದಿಲ್ಲ. ಎರಡೇ ಓಣಿಯಾಚೆ ಇರುವ ಗುರುಪಾದ ಈ ಮನೆಗೆ ಬರುವುದಿಲ್ಲ. ಯಾಕೆಂದು ಸೋಮಲಿಂಗಪ್ಪನವರು ಕೇಳಿದರೆ, "ಕೆಲಸ ಇರಬೇಕ್ರಿ" ಎನ್ನುತ್ತಾಳೆ. ಅವಳಿಗೆ ಅವನ ಮೇಲೆ ಸಿಟ್ಟಿಲ್ಲ. ಪ್ರೀತಿಯಿಂದಲೇ ಮಾಡಿದ್ದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವನಿಗೊಬ್ಬನಿಗೇ ಅದು ಸಾಲದಾಗಿದೆ.

ಹೋದ ವಾರ ಸಂಜೆ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಬಾಗಿಲು ಯಾರೂ ತಟ್ಟಲಿಲ್ಲ. ನೀಲವ್ವ ಅಡುಗೆಮನೆಯಿಂದಲೇ ಕೂಗಿದಳು: "ಗುರುಪಾದ ಏನೋ? ಬಾ ಒಳಗ. ನಾ ಏನೂ ಕೇಳೂದಿಲ್ಲ, ಚಾ ಕುಡದ ಹೋಗು!"

ಅವಳು ಕೈ ಒರೆಸಿಕೊಂಡು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಗೇಟು ಹಾಕಿದ ಸದ್ದು ಕೇಳಿಸಿತು. ಹೊಸ್ತಿಲ ಹೊರಗೆ ಅವನ ಚಪ್ಪಲಿ ಹಾಗೇ ಇದ್ದವು. ಅವನು ಬರಿಗಾಲಲ್ಲೇ ಹೋಗಿಬಿಟ್ಟಿದ್ದ.